ಒಹಾಯೊ ಸ್ಟೇಟ್–ಮಿಷಿಗನ್ ಪಂದ್ಯ: ಅಂದಾಜು ಕಟ್ಟುವುದು ಹೇಗೆ, ಬಾಜಿ ಕಟ್ಟುವುದಾದರೆ ಹೇಗೆ

ನವೆಂಬರ್ ಬಂತೆಂದರೆ ಅಮೆರಿಕದಲ್ಲಿರುವ ಓದುಗರಿಂದ ಈ ಕಾಲೇಜು ಅಮೆರಿಕನ್ ಫುಟ್‌ಬಾಲ್ ಪಂದ್ಯದ ಬಗ್ಗೆ ಅದೇ ಪ್ರಶ್ನೆಗಳು ಬರುತ್ತವೆ. 'ಒಹಾಯೊ ಸ್ಟೇಟ್ ಮೈನಸ್ ಹತ್ತೂವರೆ' ಅಂದರೇನು? ಬದ್ಧ ವೈರಿಗಳ ಪಂದ್ಯದಲ್ಲಿ ದುರ್ಬಲ ತಂಡದ ಮೇಲೆ ಕಟ್ಟಿದರೆ ಲಾಭ ಅನ್ನುತ್ತಾರಲ್ಲ, ನಿಜವೇ? ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಕಟ್ಟಬಹುದೇ? ಎಲ್ಲಕ್ಕೂ ಒಂದೇ ಕಡೆ, ಹಂತ ಹಂತವಾಗಿ ಉತ್ತರ ಇಲ್ಲಿದೆ. ದುಡ್ಡು ಕಟ್ಟದೆ ಗೆಳೆಯರ ನಡುವೆ ಅಂದಾಜಿನ ಪೈಪೋಟಿ ನಡೆಸುವವರಿಗೂ 2, 3, 4 ಮತ್ತು 8ನೇ ಹಂತಗಳು ಅಷ್ಟೇ ಉಪಯೋಗಕ್ಕೆ ಬರುತ್ತವೆ.

ಮೊದಲು ಪಂದ್ಯದ ಪರಿಚಯ. ಈ ಎರಡು ವಿಶ್ವವಿದ್ಯಾಲಯಗಳು ಮೊದಲು ಆಡಿದ್ದು 1897ರಲ್ಲಿ. 1935ರಿಂದ ಬಹುತೇಕ ಪ್ರತಿ ವರ್ಷ ಇದು ಇಬ್ಬರಿಗೂ ಋತುವಿನ ಕೊನೆಯ ಲೀಗ್ ಪಂದ್ಯ. ಈಗ ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ನಡೆಯುತ್ತದೆ. ಸಮ ವರ್ಷಗಳಲ್ಲಿ ಒಹಾಯೊ ಸ್ಟೇಟ್‌ನ ತವರು ಕೊಲಂಬಸ್‌ನಲ್ಲಿ, ಬೆಸ ವರ್ಷಗಳಲ್ಲಿ ಮಿಷಿಗನ್‌ನ ತವರು ಆ್ಯನ್ ಆರ್ಬರ್‌ನಲ್ಲಿ. ಎರಡೂ ಲಕ್ಷಕ್ಕಿಂತ ಹೆಚ್ಚು ಜನ ಹಿಡಿಸುವ ಮೈದಾನಗಳು. ಸಾಮಾನ್ಯವಾಗಿ ಅಲ್ಲಿನ ಮಧ್ಯಾಹ್ನ 12ಕ್ಕೆ ಶುರು, ಅಂದರೆ ನಮ್ಮ ಊರಿನಲ್ಲಿ ರಾತ್ರಿ ಹತ್ತೂವರೆ.

ಹಂತ 0: ನಿಮಗೆ ಕಟ್ಟಲು ಅವಕಾಶ ಇದೆಯೇ?

ಇದನ್ನು ಖಚಿತ ಮಾಡಿಕೊಳ್ಳದೆ ಮುಂದಕ್ಕೆ ಹೋಗಬೇಡಿ. 2018ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್ ಮೇಲಿದ್ದ ಕೇಂದ್ರ ಕಾನೂನನ್ನು ರದ್ದು ಮಾಡಿ ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ಮಿಷಿಗನ್‌ನಲ್ಲಿ 2021ರ ಜನವರಿಯಿಂದ, ಒಹಾಯೊದಲ್ಲಿ 2023ರ ಜನವರಿ 1ರಿಂದ ಆನ್‌ಲೈನ್ ಬೆಟ್ಟಿಂಗ್ ಕಾನೂನುಬದ್ಧ. ಎರಡೂ ಕಡೆ 21 ವರ್ಷ ತುಂಬಿರಬೇಕು. ನಮ್ಮವರು ಹೆಚ್ಚಾಗಿರುವ ಕ್ಯಾಲಿಫೋರ್ನಿಯಾ, ಟೆಕ್ಸಸ್‌ಗಳಲ್ಲಿ ಇದಕ್ಕೆ ಪರವಾನಗಿ ಇಲ್ಲ. ನ್ಯೂಜೆರ್ಸಿಯಲ್ಲಿ ಬೆಟ್ಟಿಂಗ್ ಇದೆ, ಆದರೆ ರಟ್ಗರ್ಸ್‌ನಂಥ ಅದೇ ರಾಜ್ಯದ ಕಾಲೇಜು ತಂಡಗಳ ಪಂದ್ಯದ ಮೇಲೆ ಕಟ್ಟುವಂತಿಲ್ಲ. ಲೆಕ್ಕಕ್ಕೆ ಬರುವುದು ಕಟ್ಟುವ ಹೊತ್ತಿಗೆ ನೀವು ಯಾವ ರಾಜ್ಯದ ನೆಲದ ಮೇಲಿದ್ದೀರಿ ಎಂಬುದು. ಮನೆಯ ವಿಳಾಸ ಅಲ್ಲ. ಆ್ಯಪ್ ನಿಮ್ಮ ಫೋನಿನ ಜಾಗವನ್ನು ಪರಿಶೀಲಿಸುತ್ತದೆ. ವಿಪಿಎನ್ ಹಾಕಿ ತಪ್ಪಿಸಲು ಹೋದರೆ ಖಾತೆ ಮುಚ್ಚಿ, ಗೆದ್ದ ಹಣವನ್ನೂ ತಡೆಹಿಡಿಯಬಹುದು.

ಇನ್ನೂ ಮೂರು ಎಚ್ಚರಿಕೆಗಳು:

- ವಿಶ್ವವಿದ್ಯಾಲಯದ ಆಟಗಾರರು, ಕೋಚ್‌ಗಳು ಮತ್ತು ಕ್ರೀಡಾ ವಿಭಾಗದಲ್ಲಿ ಕೆಲಸ ಮಾಡುವವರು ಕಾಲೇಜು ಪಂದ್ಯಗಳ ಮೇಲೆ ಕಟ್ಟುವಂತಿಲ್ಲ. ತಂಡದ ವಿಡಿಯೊ ವಿಭಾಗದಲ್ಲೋ ಡೇಟಾ ವಿಭಾಗದಲ್ಲೋ ಅರೆಕಾಲಿಕ ಕೆಲಸ ಮಾಡುವ ನಮ್ಮ ವಿದ್ಯಾರ್ಥಿಗಳು ಇದನ್ನು ಮರೆಯಬಾರದು. ಗಾಯದ ಸುದ್ದಿಯನ್ನು ಬಾಜಿ ಕಟ್ಟುವ ರೂಮ್‌ಮೇಟ್‌ಗೆ ಹೇಳುವುದೂ ನಿಯಮಭಂಗ.
- ಭಾರತದಲ್ಲಿ ಕುಳಿತು ಆಡುವಂತಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ. ಊರಿನಲ್ಲಿರುವ ತಮ್ಮನ ಖಾತೆಯಿಂದ ದುಡ್ಡು ತರಿಸಿ ಕಟ್ಟುವುದೂ ಬೇಡ. ವಿದೇಶಕ್ಕೆ ಹಣ ಕಳಿಸುವುದನ್ನು ನಿಯಂತ್ರಿಸುವ ಫೆಮಾ ನಿಯಮಗಳ ನಿಷೇಧಿತ ಪಟ್ಟಿಯಲ್ಲಿ ಲಾಟರಿಯ ಜೊತೆ 'ಫುಟ್‌ಬಾಲ್ ಪೂಲ್' ಹೆಸರೇ ಇದೆ.
- ಪರವಾನಗಿ ಇಲ್ಲದ ವಿದೇಶಿ ಜಾಲತಾಣಗಳು ನೀವು ಎಲ್ಲಿದ್ದರೂ ಸೇರಿಸಿಕೊಳ್ಳುತ್ತವೆ. ಹಣ ಹಾಕುವುದು ಸುಲಭ. ವಾಪಸ್ ಬರದಿದ್ದರೆ ದೂರು ಕೊಡಲು ಯಾವ ಪ್ರಾಧಿಕಾರವೂ ಇರುವುದಿಲ್ಲ.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಸ್ಪ್ರೆಡ್‌ಶೀಟ್, ಎರಡು ಮೂರು ಸಾರ್ವಜನಿಕ ರೇಟಿಂಗ್ ಪಟ್ಟಿಗಳು, ಹವಾಮಾನ ಇಲಾಖೆಯ ಗಂಟೆವಾರು ಮುನ್ಸೂಚನೆ, ಕಡೇ ಪಕ್ಷ ಎರಡು ಪರವಾನಗಿ ಪಡೆದ ಆ್ಯಪ್‌ಗಳಲ್ಲಿ ಖಾತೆ. ಜೊತೆಗೆ, ಪೂರ್ತಿ ಕಳೆದುಹೋದರೂ ಬಾಡಿಗೆ, ಫೀಸು, ಊರಿಗೆ ಕಳಿಸುವ ಹಣ ಯಾವುದಕ್ಕೂ ತೊಂದರೆ ಆಗದಷ್ಟು ಸಣ್ಣದೊಂದು ಗಂಟು. ಈ ಗಂಟನ್ನು ಋತುವಿನ ಆರಂಭದಲ್ಲೇ ಬೇರೆ ತೆಗೆದಿಡಿ.

ಹಂತ 1: ಬೆಲೆಯನ್ನು ಓದಲು ಕಲಿಯಿರಿ

ಮೂರು ಬಗೆಯ ಬಾಜಿ ಗೊತ್ತಿದ್ದರೆ ಸಾಕು.

ಸ್ಪ್ರೆಡ್: ಬಲಿಷ್ಠ ತಂಡದ ಅಂಕದಿಂದ ಮೊದಲೇ ಇಷ್ಟು ಎಂದು ಕಳೆದು ಲೆಕ್ಕ ಹಾಕುವುದು. 'ಒಹಾಯೊ ಸ್ಟೇಟ್ −10.5' ಎಂದಿದ್ದರೆ ಆ ತಂಡ 11 ಅಥವಾ ಹೆಚ್ಚು ಅಂಕಗಳಿಂದ ಗೆದ್ದರೆ ಮಾತ್ರ ನಿಮಗೆ ಹಣ. 10ರಿಂದ ಗೆದ್ದರೆ ತಂಡ ಗೆದ್ದಿತು, ನೀವು ಸೋತಿರಿ. 'ಮಿಷಿಗನ್ +10.5' ಇದರ ಇನ್ನೊಂದು ಮಗ್ಗುಲು. ಲೈನ್, ಅಂದರೆ ಕಂಪನಿ ಹೇಳಿದ ಈ ಸಂಖ್ಯೆ, ಸರಿಯಾಗಿ 10 ಇದ್ದು ಅಂತರವೂ 10 ಬಂದರೆ ಅಸಲು ವಾಪಸ್. ಇದಕ್ಕೆ ಪುಷ್ ಎನ್ನುತ್ತಾರೆ.

ಮನಿಲೈನ್: ಅಂತರದ ಗೊಡವೆ ಇಲ್ಲದೆ ಗೆಲ್ಲುವವರು ಯಾರು ಎಂಬುದಷ್ಟೇ. −350 ಎಂದರೆ 100 ಡಾಲರ್ ಗೆಲ್ಲಲು 350 ಕಟ್ಟಬೇಕು. +280 ಎಂದರೆ 100 ಕಟ್ಟಿದರೆ 280 ಲಾಭ.

ಟೋಟಲ್: ಎರಡೂ ತಂಡಗಳ ಅಂಕ ಕೂಡಿದರೆ ಇಂತಿಷ್ಟಕ್ಕಿಂತ ಮೇಲೋ ಕೆಳಗೋ.

ಸ್ಪ್ರೆಡ್ ಮತ್ತು ಟೋಟಲ್ ಎರಡಕ್ಕೂ ಸಾಮಾನ್ಯ ಬೆಲೆ −110, ಅಂದರೆ 100 ಗೆಲ್ಲಲು 110 ಕಟ್ಟಬೇಕು. ಹೆಚ್ಚಿನ ಆ 10 ಡಾಲರ್ ಕಂಪನಿಯ ಕಮಿಷನ್. ಈ ಬೆಲೆಯಲ್ಲಿ ನಷ್ಟವಿಲ್ಲದೆ ಉಳಿಯಲು 110 ಭಾಗಿಸು 210, ಅಂದರೆ ಶೇ 52.4 ಬಾಜಿಗಳನ್ನು ಗೆಲ್ಲಬೇಕು. ನಾಣ್ಯ ಚಿಮ್ಮಿದಂತೆ ಅರ್ಧಕ್ಕರ್ಧ ಗೆಲ್ಲುವವನು ನಿಧಾನವಾಗಿ, ಖಚಿತವಾಗಿ ಹಣ ಕಳೆದುಕೊಳ್ಳುತ್ತಾನೆ. −120ರಲ್ಲಿ ಕಟ್ಟಿದರೆ ಈ ಗಡಿ ಶೇ 54.5ಕ್ಕೆ ಏರುತ್ತದೆ. ಹತ್ತು ಡಾಲರ್ ವ್ಯತ್ಯಾಸ ಎಂದು ಬಿಟ್ಟುಬಿಡುವ ಮಾತಲ್ಲ.

ಮನಿಲೈನ್‌ನಲ್ಲಿ ಕಮಿಷನ್ ಅಡಗಿರುತ್ತದೆ. −350 ಎಂದರೆ 350 ಭಾಗಿಸು 450, ಶೇ 77.8. +280 ಎಂದರೆ 100 ಭಾಗಿಸು 380, ಶೇ 26.3. ಕೂಡಿದರೆ 104.1. ನೂರಕ್ಕಿಂತ ಹೆಚ್ಚಿರುವ ಭಾಗ ಕಂಪನಿಯದು. 77.8ನ್ನು 104.1ರಿಂದ ಭಾಗಿಸಿದರೆ ಮಾರುಕಟ್ಟೆಯ ನಿಜವಾದ ಅಭಿಪ್ರಾಯ ಸಿಗುತ್ತದೆ: ಸುಮಾರು ಶೇ 74.7. ಮುಂದೆ ಹೋಲಿಸಬೇಕಾದ್ದು ಈ ಸಂಖ್ಯೆಯನ್ನು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) 6, ಅದರ ನಂತರದ ಕಿಕ್‌ಗೆ 1, ಫೀಲ್ಡ್ ಗೋಲ್‌ಗೆ (ಚೆಂಡನ್ನು ಕಂಬಗಳ ನಡುವೆ ಒದೆಯುವುದು) 3 ಅಂಕ. ಹೀಗಾಗಿ ಗೆಲುವಿನ ಅಂತರ 3 ಮತ್ತು 7ರ ಮೇಲೆ ಬಂದು ನಿಲ್ಲುವುದು ಹೆಚ್ಚು. ಆಮೇಲೆ 10, 14ರಂಥವು. −2.5ಕ್ಕೂ −3.5ಕ್ಕೂ ಇರುವ ವ್ಯತ್ಯಾಸ −11.5ಕ್ಕೂ −12.5ಕ್ಕೂ ಇರುವುದಕ್ಕಿಂತ ಬಹಳ ದೊಡ್ಡದು.

ಹಂತ 2: ಬೆಲೆ ನೋಡುವ ಮೊದಲು ನಿಮ್ಮದೇ ಸಂಖ್ಯೆ ಕಟ್ಟಿ

ಆ್ಯಪ್ ತೆರೆದು ಲೈನ್ ನೋಡಿದ ಮೇಲೆ ಅಂದಾಜು ಮಾಡಲು ಕೂತರೆ ನಿಮ್ಮ ಲೆಕ್ಕ ಆ ಲೈನಿನ ಕಡೆಗೇ ವಾಲುತ್ತದೆ. ಆದ್ದರಿಂದ ಭಾನುವಾರ ಹೊಸ ಲೈನ್ ಬರುವ ಮುಂಚೆಯೇ ಇದನ್ನು ಮುಗಿಸಿ.

ಕ್ರೀಡಾ ವಾಹಿನಿ ಇಎಸ್‌ಪಿಎನ್ ಪ್ರಕಟಿಸುವ ಎಸ್‌ಪಿ ಪ್ಲಸ್ ಮತ್ತು ಎಫ್‌ಪಿಐ ರೇಟಿಂಗ್‌ಗಳು ಸಾಮಾನ್ಯ ತಂಡಕ್ಕಿಂತ ಈ ತಂಡ ಎಷ್ಟು ಅಂಕ ಮೇಲು ಎಂಬುದನ್ನು ಹೇಳುತ್ತವೆ. ಎದುರಾಳಿಯ ಬಲವನ್ನೂ ಲೆಕ್ಕಕ್ಕೆ ಹಿಡಿದಿರುತ್ತವೆ. ಎರಡರ ಸರಾಸರಿ ತೆಗೆದುಕೊಳ್ಳಿ. ಉದಾಹರಣೆಗೆ ಒಂದು ಕಾಲ್ಪನಿಕ ಲೆಕ್ಕ: ಒಹಾಯೊ ಸ್ಟೇಟ್ 27, ಮಿಷಿಗನ್ 17. ವ್ಯತ್ಯಾಸ 10. ಪಂದ್ಯ ಕೊಲಂಬಸ್‌ನಲ್ಲಿ ಇದ್ದರೆ ತವರಿನ ಅನುಕೂಲಕ್ಕೆ 2.5 ಕೂಡಿಸಿ: 12.5. ಇದು ನಿಮ್ಮ ಕಚ್ಚಾ ಸಂಖ್ಯೆ.

ತವರಿಗೆ 5, 6 ಅಂಕ ಕೊಡುವ ಹಳೆಯ ರೂಢಿ ಇನ್ನೂ ಕೇಳಿಬರುತ್ತದೆ. ಅಷ್ಟು ಕೊಡಬೇಡಿ. ಈ ಎರಡು ತಂಡಗಳಿಗೂ ಲಕ್ಷ ಜನರ ಗದ್ದಲ ಹೊಸದಲ್ಲ. ಮಿಷಿಗನ್ 2022ರಲ್ಲಿ 45–23, 2024ರಲ್ಲಿ 13–10ರಿಂದ ಗೆದ್ದಿದ್ದು ಕೊಲಂಬಸ್‌ನಲ್ಲೇ. ಒಹಾಯೊ ಸ್ಟೇಟ್ 2025ರಲ್ಲಿ 27–9ರಿಂದ ಗೆದ್ದಿದ್ದು ಆ್ಯನ್ ಆರ್ಬರ್‌ನಲ್ಲಿ.

ಬಹಳ ಜನ ಜಾರುವ ಜಾಗ ಪರಂಪರೆಯ ಅಂಕಿ ಅಂಶ. 2012ರಿಂದ 2019ರವರೆಗೆ ಒಹಾಯೊ ಸ್ಟೇಟ್ ಸತತ ಎಂಟು ಪಂದ್ಯ ಗೆದ್ದಿತು. 2020ರ ಪಂದ್ಯ ಕೋವಿಡ್‌ನಿಂದ ರದ್ದಾಯಿತು. 2021ರಿಂದ ಮಿಷಿಗನ್ ಸತತ ನಾಲ್ಕು ಗೆದ್ದಿತು. ಎರಡೂ ಸಾಲಿನಿಂದ ಈ ವರ್ಷದ ಬಗ್ಗೆ ತಿಳಿಯುವುದು ಏನೂ ಇಲ್ಲ. ಕಾಲೇಜು ಆಟಗಾರರು ನಾಲ್ಕೈದು ವರ್ಷಕ್ಕೆ ಪೂರ್ತಿ ಬದಲಾಗುತ್ತಾರೆ. ಈಗ ತಂಡದಿಂದ ತಂಡಕ್ಕೆ ವರ್ಗವಾಗುವುದೂ ಸಲೀಸಾಗಿರುವುದರಿಂದ ಇನ್ನೂ ಬೇಗ. ಮಿಷಿಗನ್‌ಗೆ 2023ರ ನಂತರ ಕೋಚ್ ಜಿಮ್ ಹಾರ್ಬಾ ಹೋಗಿ ಶೆರೋನ್ ಮೂರ್ ಬಂದರು; 2025ರ ಡಿಸೆಂಬರ್‌ನಲ್ಲಿ ಅವರೂ ಹೋದರು. ಕೋಚ್ ಬದಲಾದ ತಂಡದ ಹಳೆಯ ಪಂದ್ಯಗಳನ್ನು ಸ್ಪ್ರೆಡ್‌ಶೀಟಿನಿಂದ ಹೊರಗಿಡಿ.

ಹಂತ 3: ಈ ಪಂದ್ಯಕ್ಕೇ ಸೇರಿದ ತಿದ್ದುಪಡಿ

ಇಲ್ಲಿ ಹೆಚ್ಚು ಹೊತ್ತು ಕೊಡಿ. ರೇಟಿಂಗ್ ಎಲ್ಲರಿಗೂ ಸಿಗುತ್ತದೆ. ನಿಮ್ಮ ಓದು ಉಪಯೋಗಕ್ಕೆ ಬರುವುದು ಇಲ್ಲಿ.

ಮುಂಚೂಣಿ ಸಾಲು. ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸುವ ಐವರನ್ನು ಆಫೆನ್ಸಿವ್ ಲೈನ್ ಎನ್ನುತ್ತಾರೆ. ನವೆಂಬರ್ ಕೊನೆಯ ಚಳಿಯಲ್ಲಿ ಈ ಪಂದ್ಯ ತೀರ್ಮಾನವಾಗುವುದು ಬಹುಪಾಲು ಈ ಸಾಲಿನಲ್ಲೇ. 2021ರಲ್ಲಿ ಮಿಷಿಗನ್ ಓಟದಿಂದ 297 ಗಜ ಗಳಿಸಿತು, ಒಹಾಯೊ ಸ್ಟೇಟ್ 64, ಸ್ಕೋರ್ 42–27. 2024ರಲ್ಲಿ 172ಕ್ಕೆ 77.

ಆದರೆ ಈ ಗಜಗಳ ಲೆಕ್ಕದಲ್ಲಿ ಒಂದು ಬಲೆ ಇದೆ. ಮುಂದಿರುವ ತಂಡ ಸಮಯ ಕಳೆಯಲೆಂದೇ ಕೊನೆಯಲ್ಲಿ ಹೆಚ್ಚು ಓಡುತ್ತದೆ, ಹಾಗಾಗಿ ಓಟದ ಗಜ ಗೆಲುವಿಗೆ ಕಾರಣ ಇರಬಹುದು, ಫಲವೂ ಇರಬಹುದು. ಒಟ್ಟು ಗಜ ಬಿಟ್ಟು ಸಕ್ಸೆಸ್ ರೇಟ್ ನೋಡಿ. ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಯತ್ನ, ಒಂದೊಂದು ಯತ್ನವೂ ಒಂದು ಡೌನ್. ಮೊದಲ ಡೌನ್‌ನಲ್ಲಿ ಬೇಕಾದ ಗಜಗಳ ಅರ್ಧ, ಎರಡನೆಯದರಲ್ಲಿ ಶೇ 70, ಮೂರು ಮತ್ತು ನಾಲ್ಕನೆಯದರಲ್ಲಿ ಪೂರ್ತಿ ಗಳಿಸಿದರೆ ಆ ಆಟ ಯಶಸ್ವಿ ಎಂದು ಲೆಕ್ಕ. ಅದೂ ಬಲವಾದ ಎದುರಾಳಿಗಳ ವಿರುದ್ಧದ ಪಂದ್ಯಗಳಲ್ಲಿ, ಸ್ಕೋರ್ ಹತ್ತಿರವಿದ್ದಾಗ ಎಷ್ಟಿತ್ತು ಎಂದು ನೋಡಬೇಕು.

2024ರ ಪಂದ್ಯವನ್ನು ಈ ಕಣ್ಣಿನಿಂದ ಓದಿ. ಅಲ್ಲಿಯವರೆಗೆ ಒಹಾಯೊ ಸ್ಟೇಟ್‌ನ ಗೆಲುವು-ಸೋಲು 10–1, ಮಿಷಿಗನ್‌ನದು 6–5. ಸ್ಪ್ರೆಡ್ ಸುಮಾರು 20. ಒಹಾಯೊ ಸ್ಟೇಟ್‌ನ ಆಫೆನ್ಸಿವ್ ಲೈನ್‌ನಿಂದ ಎಡ ಟ್ಯಾಕಲ್ (ಎಡ ತುದಿಯವನು) ಜಾಶ್ ಸಿಮನ್ಸ್ ಅಕ್ಟೋಬರ್‌ನಲ್ಲಿ, ಸೆಂಟರ್ (ನಡುವಿನವನು) ಸೆತ್ ಮೆಕ್‌ಲಾಫ್ಲಿನ್ ನವೆಂಬರ್‌ನಲ್ಲಿ ಗಾಯಗೊಂಡು ಹೊರಗಿದ್ದರು. ಎದುರಿಗೆ ಮಿಷಿಗನ್‌ನ ರಕ್ಷಣೆಯ ನಡುಭಾಗದಲ್ಲಿ ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್. ಇಬ್ಬರೂ ಮುಂದೆ 2025ರ ಎನ್‌ಎಫ್‌ಎಲ್ ಡ್ರಾಫ್ಟ್‌ನ (ವೃತ್ತಿಪರ ಲೀಗ್‌ಗೆ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಮೊದಲ ಸುತ್ತಿನಲ್ಲೇ ಆಯ್ಕೆಯಾದವರು. ಒಹಾಯೊ ಸ್ಟೇಟ್ ಪದೇ ಪದೇ ಆ ನಡುಭಾಗಕ್ಕೇ ಓಡಿತು. ಎರಡು ಫೀಲ್ಡ್ ಗೋಲ್ ತಪ್ಪಿದವು, ಎರಡು ಪಾಸ್‌ಗಳನ್ನು ಎದುರಾಳಿ ಹಿಡಿದರು. ಕೊನೆಯ ನಿಮಿಷದಲ್ಲಿ ಡೊಮಿನಿಕ್ ಜ್ವಾಡಾ ಒದ್ದ 21 ಗಜದ ಕಿಕ್ ಪಂದ್ಯವನ್ನು ಮುಗಿಸಿತು. ಮಿಷಿಗನ್ ಗೆಲ್ಲುತ್ತದೆ ಎಂದು ಮುಂಚೆಯೇ ಹೇಳುವುದು ಸಾಧ್ಯವಿರಲಿಲ್ಲ. 20 ಅಂಕ ಹೆಚ್ಚಾಯಿತು ಎಂದು ಹೇಳುವುದು ಸಾಧ್ಯವಿತ್ತು, ಮತ್ತು ಬಾಜಿಗೆ ಬೇಕಾದ್ದು ಅಷ್ಟೇ.

ಆಫೆನ್ಸಿವ್ ಲೈನ್‌ನ ಇಬ್ಬರು ಖಾಯಂ ಆಟಗಾರರು ಇಲ್ಲದಿದ್ದರೆ 1ರಿಂದ 1.5 ಅಂಕ ಕಳೆಯಿರಿ. ಎದುರಾಳಿಯ ನಡುಭಾಗ ಬಲವಾಗಿದ್ದರೆ ಇನ್ನೊಂದು ಅಂಕ.

ಕ್ವಾರ್ಟರ್‌ಬ್ಯಾಕ್. ತಂಡವನ್ನು ನಡೆಸುವ, ಪಾಸ್ ಎಸೆಯುವ ಆಟಗಾರ. ಇವನು ಹೊರಗಿದ್ದು ಬದಲಿಯವನು ಬಂದರೆ 3ರಿಂದ 7 ಅಂಕದ ವ್ಯತ್ಯಾಸ. ಉಳಿದ ಯಾವ ಒಬ್ಬ ಆಟಗಾರನಿಗೂ ಒಂದು ಅಂಕಕ್ಕಿಂತ ಹೆಚ್ಚು ಕೊಡುವ ಮುಂಚೆ ಎರಡು ಬಾರಿ ಯೋಚಿಸಿ, ಅವನ ಹೆಸರು ಎಷ್ಟೇ ದೊಡ್ಡದಿರಲಿ.

ಗಾಯದ ಸುದ್ದಿಯನ್ನು ಕೋಚ್‌ಗಳ ಬಾಯಿಂದ ಹೊರಡಿಸುವುದು ಕಷ್ಟ. ಆದರೆ ಬಿಗ್ ಟೆನ್, ಅಂದರೆ ಈ ಎರಡೂ ತಂಡಗಳಿರುವ ಲೀಗ್, 2023ರಿಂದ ಪಂದ್ಯಕ್ಕೆ ಎರಡು ಗಂಟೆ ಮುಂಚೆ ಯಾರು ಲಭ್ಯ, ಯಾರಿಲ್ಲ ಎಂಬ ವರದಿಯನ್ನು ಕಡ್ಡಾಯ ಮಾಡಿದೆ. 12 ಗಂಟೆಯ ಪಂದ್ಯಕ್ಕೆ ಬೆಳಿಗ್ಗೆ 10ರ ಒಳಗೆ ವರದಿ ಬರುತ್ತದೆ. ವಾರವಿಡೀ ಹರಿದಾಡುವ ಗಾಳಿಮಾತಿಗಿಂತ ಈ ಒಂದು ಕಾಗದ ಮೇಲು.

ಗಾಳಿ. ಹಿಮ ಬೀಳುತ್ತದೆ ಎಂದ ಕೂಡಲೇ ಟೋಟಲ್ ಕೆಳಗೆ ಎಂದು ಕಟ್ಟಲು ಜನ ಓಡುತ್ತಾರೆ. ಹಿಮ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ, ಆಟವನ್ನು ಕೆಡಿಸುವುದು ಗಾಳಿ. ನಿರಂತರವಾಗಿ ಗಂಟೆಗೆ 24 ಕಿಲೋಮೀಟರ್, ಅಂದರೆ 15 ಮೈಲಿ ದಾಟಿದರೆ ದೂರದ ಪಾಸ್ ಮತ್ತು ಕಿಕ್ ಎರಡೂ ಹದಗೆಡುತ್ತವೆ. ಮುನ್ಸೂಚನೆಯಲ್ಲಿ ಬರುವ 'ಗಸ್ಟ್', ಅಂದರೆ ಆಗಾಗ ಬೀಸುವ ಜೋರು ಗಾಳಿಯ ಸಂಖ್ಯೆ ಬೇರೆ. ನಿರಂತರ ವೇಗವನ್ನೇ ನೋಡಿ. ಅದೂ ಶನಿವಾರದ ಬಗ್ಗೆ ಸೋಮವಾರ ಬರುವ ಮುನ್ಸೂಚನೆಯನ್ನು ನಂಬಬೇಡಿ, ಗುರುವಾರ ರಾತ್ರಿಯವರೆಗೆ ಕಾಯಿರಿ.

ಟೋಟಲ್ ಮೇಲೆ ಕಟ್ಟುವವರಿಗೆ ಇನ್ನೆರಡು ಮಾತು. 2021ರಿಂದ 2025ರವರೆಗೆ ಈ ಪಂದ್ಯದ ಒಟ್ಟು ಅಂಕಗಳು ಕ್ರಮವಾಗಿ 69, 68, 54, 23, 36. ಇಷ್ಟು ಏರಿಳಿತ ಇರುವಾಗ ಐದು ವರ್ಷದ ಸರಾಸರಿಗೆ ಅರ್ಥವಿಲ್ಲ. ಅಲ್ಲದೆ 2023ರಿಂದ ತಂಡ ಬೇಕಾದ ಗಜ ಗಳಿಸಿ ಹೊಸ ಫಸ್ಟ್ ಡೌನ್ ಪಡೆದಾಗ ಗಡಿಯಾರ ನಿಲ್ಲುವುದಿಲ್ಲ, ಪ್ರತಿ ಅರ್ಧದ ಕೊನೆಯ ಎರಡು ನಿಮಿಷ ಬಿಟ್ಟು. ಹಳೆಯ ವರ್ಷಗಳಿಗಿಂತ ಪಂದ್ಯಕ್ಕೆ ಆಟಗಳ ಸಂಖ್ಯೆಯೇ ಕಡಿಮೆ. ಇನ್ನೊಂದು, ಹೆಚ್ಚುವರಿ ಅವಧಿಯ ಅಂಕಗಳೂ ಬಾಜಿಗೆ ಸೇರುತ್ತವೆ. 2016ರಲ್ಲಿ ನಿಗದಿತ ಅವಧಿ 17–17ಕ್ಕೆ ಮುಗಿದು ಕೊನೆಗೆ ಒಹಾಯೊ ಸ್ಟೇಟ್ 30–27ರಿಂದ ಗೆದ್ದಿತು. 34 ಇದ್ದ ಟೋಟಲ್ 57ಕ್ಕೆ ಹೋಯಿತು.

ಛಲ, ಸೇಡು, ಮಾನ. ಇದಕ್ಕೆ ಸೊನ್ನೆ ಅಂಕ ಕೊಡಿ. ಇಬ್ಬರಿಗೂ ಛಲ ಇದೆ, ಇಬ್ಬರದೂ ಬೆಲೆಯಲ್ಲಿ ಮೊದಲೇ ಸೇರಿದೆ. 'ಒಹಾಯೊ ಸ್ಟೇಟ್‌ಗೆ ಇದು ಮಾಡು ಇಲ್ಲವೇ ಮಡಿ' ಎಂಬ ವಾದವೂ 2024ರ ನಂತರ ಸಡಿಲವಾಗಿದೆ. ಚಾಂಪಿಯನ್ ಯಾರೆಂದು ತೀರ್ಮಾನಿಸುವ ರಾಷ್ಟ್ರೀಯ ಪ್ಲೇಆಫ್ ಆ ವರ್ಷ 12 ತಂಡಗಳಿಗೆ ಹಿಗ್ಗಿತು. ಮಿಷಿಗನ್‌ಗೆ ಸೋತ ಒಹಾಯೊ ಸ್ಟೇಟ್ ತಂಡವೇ 2025ರ ಜನವರಿ 20ರಂದು ನೋಟರ್ ಡೇಮನ್ನು 34–23ರಿಂದ ಸೋಲಿಸಿ ಚಾಂಪಿಯನ್ ಆಯಿತು.

ಹಂತ 4: ಅಂಕವನ್ನು ಸಂಭವನೀಯತೆಗೆ ಬದಲಿಸಿ, ಬೆಲೆಯ ಪಕ್ಕ ಇಡಿ

ಕಾಲೇಜು ಫುಟ್‌ಬಾಲ್‌ನಲ್ಲಿ ಫಲಿತಾಂಶವು ಸ್ಪ್ರೆಡ್‌ನಿಂದ ಆಚೀಚೆ ಚದುರುವ ಪ್ರಮಾಣ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸುಮಾರು 15ರಿಂದ 16 ಅಂಕ. 15.5 ಇಟ್ಟುಕೊಂಡು ಸ್ಪ್ರೆಡ್‌ಶೀಟಿನ ನಾರ್ಮಲ್ ಡಿಸ್ಟ್ರಿಬ್ಯೂಷನ್ ಫಂಕ್ಷನ್ ಬಳಸಿದರೆ ಬಲಿಷ್ಠ ತಂಡ ಗೆಲ್ಲುವ ಸಂಭವ ಹೀಗೆ ಬರುತ್ತದೆ:

- 3 ಅಂಕದ ಮೇಲುಗೈ: ಶೇ 58
- 7 ಅಂಕ: ಶೇ 67
- 10 ಅಂಕ: ಶೇ 74
- 14 ಅಂಕ: ಶೇ 82
- 20 ಅಂಕ: ಶೇ 90

ಕೊನೆಯ ಸಾಲು ನೋಡಿ. 20 ಅಂಕದ ಬಲಿಷ್ಠ ತಂಡವೂ ಹತ್ತರಲ್ಲಿ ಒಂದು ಬಾರಿ ಸೋಲುತ್ತದೆ. 2024ರಲ್ಲಿ ಆದದ್ದು ಆ ಒಂದು. ವೈರಿಗಳ ಪಂದ್ಯದಲ್ಲಿ ಲೆಕ್ಕಾಚಾರವೇ ನಡೆಯುವುದಿಲ್ಲ ಎನ್ನುವುದಕ್ಕೆ ಅದನ್ನು ಪುರಾವೆ ಮಾಡಬೇಡಿ.

ಈಗ ಹಂತ 2ರ 12.5ಕ್ಕೆ ಬರೋಣ. ತಿದ್ದುಪಡಿ ಎಲ್ಲ ಆದ ಮೇಲೂ ಅಷ್ಟೇ ಉಳಿಯಿತು ಎನ್ನಿ. ಮಾರುಕಟ್ಟೆ −10.5 ಹೇಳುತ್ತಿದೆ. 2 ಅಂಕದ ವ್ಯತ್ಯಾಸ. ಈ ಭಾಗದಲ್ಲಿ ಒಂದು ಅಂಕಕ್ಕೆ ಸುಮಾರು ಶೇ 2.5 ಎಂದು ಹಿಡಿದರೆ ನಿಮ್ಮ ಪ್ರಕಾರ ಒಹಾಯೊ ಸ್ಟೇಟ್ ಸ್ಪ್ರೆಡ್ ದಾಟುವ ಸಂಭವ ಶೇ 55. ಕಟ್ಟಬಹುದು ಅನ್ನಿಸುತ್ತದೆ, ಅಲ್ಲವೇ? ತಡೆಯಿರಿ. ಆ 10.5ರ ಹಿಂದೆ ನಿಮಗಿಂತ ಹೆಚ್ಚು ತಿಳಿದವರ ಹಣ ಇದೆ. ನಿಮಗೂ ಮಾರುಕಟ್ಟೆಗೂ ಭಿನ್ನಾಭಿಪ್ರಾಯ ಬಂದಾಗ ತಪ್ಪು ನಿಮ್ಮ ಕಡೆ ಇರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ವ್ಯತ್ಯಾಸವನ್ನು ಅರ್ಧ ಮಾಡಿ: 1 ಅಂಕ, ಅಂದರೆ ಶೇ 52.5. ನಷ್ಟವಿಲ್ಲದ ಗಡಿ 52.4. ಕೈಗೆ ಉಳಿಯುವುದು ಏನೂ ಇಲ್ಲ. ಇಲ್ಲಿ ಸರಿಯಾದ ಉತ್ತರ ಕಟ್ಟದಿರುವುದು.

ಅದೇ ಪಂದ್ಯ ಇನ್ನೊಂದು ಆ್ಯಪ್‌ನಲ್ಲಿ −9.5 ಇದ್ದರೆ ವ್ಯತ್ಯಾಸ 3, ಅರ್ಧ ಮಾಡಿದರೆ 1.5, ಸುಮಾರು ಶೇ 53.9. ಮೇಲಾಗಿ 10 ಎಂಬ ಮುಖ್ಯ ಸಂಖ್ಯೆ ನಿಮ್ಮ ಕಡೆಗೆ ಬಂತು. ಈಗ ಸಣ್ಣ ಬಾಜಿಗೆ ಕಾರಣವಿದೆ.

ಈ ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳಬೇಕಿದ್ದರೆ ಅದು ಇದೇ. ಯಾರು ಗೆಲ್ಲುತ್ತಾರೆ ಎಂಬ ಪ್ರಶ್ನೆ ಬೇರೆ, ಕೇಳುತ್ತಿರುವ ಬೆಲೆ ಸರಿಯೇ ಎಂಬುದು ಬೇರೆ. ಹಣ ಎರಡನೆಯದಕ್ಕೆ ಸೇರಿದ್ದು.

ಹಂತ 5: ಎಷ್ಟು ಕಟ್ಟಬೇಕು

ಕೆಲ್ಲಿ ಸೂತ್ರ ಎಂಬ ಲೆಕ್ಕ ಇದೆ. ಒಂದು ಡಾಲರ್ ಕಟ್ಟಿದರೆ ಬರುವ ಲಾಭವನ್ನು ಗೆಲ್ಲುವ ಸಂಭವದಿಂದ ಗುಣಿಸಿ, ಸೋಲುವ ಸಂಭವ ಕಳೆದು, ಬಂದದ್ದನ್ನು ಮತ್ತೆ ಅದೇ ಲಾಭದಿಂದ ಭಾಗಿಸಬೇಕು. −110ರಲ್ಲಿ ಡಾಲರ್‌ಗೆ ಲಾಭ 0.909. ಸಂಭವ 0.539 ಎಂದರೆ 0.49ರಿಂದ 0.461 ಕಳೆದು 0.909ರಿಂದ ಭಾಗಿಸಿದರೆ ಗಂಟಿನ ಶೇ 3.2. ನಿಮ್ಮ ಸಂಭವದ ಅಂದಾಜೇ ಅಲುಗಾಡುವಂಥದ್ದು, ಆದ್ದರಿಂದ ಅದರ ಕಾಲು ಭಾಗ ಮಾತ್ರ: ಶೇ 0.8. 500 ಡಾಲರ್ ಗಂಟಿಗೆ 4 ಡಾಲರ್.

ಇಷ್ಟೇನಾ ಎನ್ನಿಸುತ್ತದೆ. ಹೌದು, ಇಷ್ಟೇ. ಲೆಕ್ಕ ಬೇಡ ಎನ್ನುವವರು ಯಾವ ಬಾಜಿಗೂ ಗಂಟಿನ ಶೇ 1 ದಾಟುವುದಿಲ್ಲ ಎಂದು ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಬರುವ ಪಂದ್ಯ ಎಂಬ ಕಾರಣಕ್ಕೆ ಹತ್ತು ಪಟ್ಟು ಕಟ್ಟುವುದು ತೀರಾ ಸಾಮಾನ್ಯ. ಪಂದ್ಯ ದೊಡ್ಡದಾದಷ್ಟೂ ಅದರ ಬೆಲೆಯನ್ನು ಹೆಚ್ಚು ಜನ ತಿದ್ದಿರುತ್ತಾರೆ, ನಿಮಗೆ ಸಿಗುವ ಅವಕಾಶ ಕಡಿಮೆಯಾಗುತ್ತದೆ.

ಓದಿದ ಕಾಲೇಜಿನ ಪರ ಕಟ್ಟಲೇಬೇಡಿ ಎಂಬುದು ನಮ್ಮ ಸಲಹೆ. ಆ್ಯನ್ ಆರ್ಬರ್‌ನಲ್ಲಿ ಎರಡು ವರ್ಷ ಕಳೆದವರಿಗೆ ಮಿಷಿಗನ್‌ನ ರಕ್ಷಣಾ ಸಾಲು ಯಾವಾಗಲೂ ಒಂದು ಕೈ ಮೇಲಾಗಿಯೇ ಕಾಣುತ್ತದೆ.

ಹಂತ 6: ಯಾವಾಗ, ಎಲ್ಲಿ

ಭಾನುವಾರ ಬರುವ ಮೊದಲ ಲೈನ್‌ನಲ್ಲಿ ತಪ್ಪುಗಳು ಹೆಚ್ಚು, ಶನಿವಾರದ ಕೊನೆಯ ಲೈನ್‌ನಲ್ಲಿ ಕಡಿಮೆ. ರೇಟಿಂಗ್ ಆಧಾರದ ಬಾಜಿಯಾದರೆ ಬೇಗ ಕಟ್ಟಿ. ಗಾಯ ಅಥವಾ ಗಾಳಿಯ ಮೇಲೆ ನಿಂತದ್ದಾದರೆ ಕಾಯಿರಿ. ಬೆಳಿಗ್ಗೆ 10ರ ವರದಿ ಬಂದ ಕೆಲವೇ ಕ್ಷಣಗಳಲ್ಲಿ ಬೆಲೆ ಜಿಗಿಯುತ್ತದೆ. ಜಿಗಿದ ಮೇಲೆ ಅದರ ಬೆನ್ನು ಹತ್ತಬೇಡಿ, ನಿಮ್ಮ ಸುದ್ದಿ ಆಗಲೇ ಬೆಲೆಯೊಳಗೆ ಹೋಗಿರುತ್ತದೆ.

ಎರಡು ಮೂರು ಆ್ಯಪ್‌ಗಳ ಬೆಲೆ ಹೋಲಿಸುವುದು ಎಲ್ಲಕ್ಕಿಂತ ಸುಲಭದ ಲಾಭ. ಅದಕ್ಕೆ ಯಾವ ಜಾಣತನವೂ ಬೇಡ, ಐದು ನಿಮಿಷದ ತಾಳ್ಮೆ ಸಾಕು. ಹಣ ಕಟ್ಟುವ ಮುಂಚೆ ಆ ಕಂಪನಿಯ ನಿಯಮ ಓದಿ. ಪಂದ್ಯ ಮುಂದೂಡಿದರೆ ಎಷ್ಟು ದಿನದವರೆಗೆ ಬಾಜಿ ಜೀವಂತ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ.

ಹಂತ 7: ಇವುಗಳಿಂದ ದೂರ ಇರಿ

ಪಾರ್ಲೇ: ಹಲವು ಬಾಜಿಗಳನ್ನು ಸರಪಣಿ ಮಾಡಿ, ಎಲ್ಲ ಗೆದ್ದರೆ ಮಾತ್ರ ಹಣ ಕೊಡುವುದು. ಒಂದೊಂದೂ ಅರ್ಧಕ್ಕರ್ಧ ಇರುವ −110ರ ನಾಲ್ಕು ಬಾಜಿಗಳನ್ನು ಜೋಡಿಸಿದರೆ 16ರಲ್ಲಿ ಒಂದು ಬಾರಿ ಗೆಲುವು, ಕೈಗೆ ಬರುವುದು ಅಸಲೂ ಸೇರಿ ಸುಮಾರು 13.3 ಪಟ್ಟು. ಕಟ್ಟಿದ ಪ್ರತಿ 100 ಡಾಲರ್‌ಗೆ ಸರಾಸರಿ 17 ನಷ್ಟ. ಒಂಟಿ ಬಾಜಿಯಲ್ಲಿ ಈ ನಷ್ಟ ಶೇ 4.5ರಷ್ಟು. ಆ್ಯಪ್‌ಗಳು ಮುಖಪುಟದಲ್ಲಿ ಪಾರ್ಲೇಯನ್ನೇ ಮೆರೆಸುವುದು ಇದಕ್ಕೇ. ಒಂದೇ ಪಂದ್ಯದೊಳಗಿನ ಪಾರ್ಲೇ ಇನ್ನೂ ದುಬಾರಿ. ಅದರ ಬೆಲೆಯನ್ನು ನೀವಾಗಿ ಪರಿಶೀಲಿಸಲೂ ಆಗುವುದಿಲ್ಲ.

ಆಟಗಾರರ ಮೇಲಿನ ಬಾಜಿ: ಒಬ್ಬ ಆಟಗಾರ ಎಷ್ಟು ಗಜ ಓಡುತ್ತಾನೆ ಎಂಬಂಥವು. ಕಾಲೇಜು ಆಟಗಾರರ ಮೇಲೆ ಇವನ್ನು ಒಹಾಯೊ 2024ರಲ್ಲಿ ನಿಷೇಧಿಸಿತು. ಬಾಜಿ ಸೋತವರು ಹತ್ತೊಂಬತ್ತು ಇಪ್ಪತ್ತರ ಹುಡುಗರಿಗೆ ಬೆದರಿಕೆಯ ಸಂದೇಶ ಕಳಿಸುವುದು ನಿಜವಾದ ಪಿಡುಗು. ನಿಮ್ಮ ರಾಜ್ಯದಲ್ಲಿ ಅವಕಾಶ ಇದ್ದರೂ ಬಿಡಿ.

ಪಂದ್ಯದ ನಡುವೆ ಕಟ್ಟುವುದು: ನೀವು ನೋಡುವ ಸ್ಟ್ರೀಮಿಂಗ್ ಮೈದಾನಕ್ಕಿಂತ ಹಲವು ಸೆಕೆಂಡು ಹಿಂದೆ ಇರುತ್ತದೆ, ಕಂಪನಿಯ ಮಾಹಿತಿ ಅಷ್ಟು ಹಿಂದೆ ಇರುವುದಿಲ್ಲ.

ಬೋನಸ್ ಬಾಜಿ: 100 ಡಾಲರ್ ಬೋನಸ್ ಎಂದರೆ 100 ಡಾಲರ್ ಹಣವಲ್ಲ. ಗೆದ್ದರೆ ಲಾಭ ಮಾತ್ರ ಕೊಡುತ್ತಾರೆ, ಬೋನಸ್ ಮೊತ್ತ ವಾಪಸ್ ಬರುವುದಿಲ್ಲ. ಅವಧಿಯೂ ಕೆಲವೇ ದಿನ.

ಟೆಲಿಗ್ರಾಂ ಟಿಪ್ಸ್: 'ಪಕ್ಕಾ ಗೆಲುವು' ಮಾರುವವರ ತಂತ್ರ ಹಳೆಯದು. ಅರ್ಧ ಜನಕ್ಕೆ ಒಂದು ತಂಡ, ಅರ್ಧ ಜನಕ್ಕೆ ಇನ್ನೊಂದು ತಂಡ ಹೇಳುತ್ತಾರೆ. ಗೆದ್ದ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾರೆ. ಮೂರು ವಾರ ಕಳೆದರೆ ಎಂಟರಲ್ಲಿ ಒಬ್ಬನಿಗೆ ಅವರು ಸರ್ವಜ್ಞರಂತೆ ಕಾಣುತ್ತಾರೆ, ನಾಲ್ಕನೇ ವಾರ ಅವನಿಂದ ಫೀಸು ಕೇಳುತ್ತಾರೆ.

ಸೋತ ಹಣವನ್ನು ಅದೇ ಸಂಜೆಯ ಇನ್ನೊಂದು ಪಂದ್ಯದಲ್ಲಿ ಎತ್ತಲು ಕೈ ಹೋದರೆ, ಮನೆಯವರಿಂದ ಮೊತ್ತ ಮುಚ್ಚಿಡಬೇಕು ಅನ್ನಿಸಿದರೆ ಆ್ಯಪ್‌ನ ಸೆಟ್ಟಿಂಗ್‌ನಲ್ಲೇ ಠೇವಣಿ ಮಿತಿ ಮತ್ತು ಸ್ವಯಂ ನಿಷೇಧದ ಆಯ್ಕೆ ಇದೆ, ಬಳಸಿ. ಅಮೆರಿಕದಲ್ಲಿ 1-800-426-2537ಕ್ಕೆ ಕರೆ ಮಾಡಿದರೆ ಗುಟ್ಟಾಗಿ ನೆರವು ಸಿಗುತ್ತದೆ.

ಹಂತ 8: ಪಂದ್ಯ ಮುಗಿದ ಮೇಲೆ

ಪ್ರತಿ ಬಾಜಿಗೂ ಒಂದು ಸಾಲು ಬರೆದಿಡಿ: ದಿನಾಂಕ, ನಿಮ್ಮ ಸಂಖ್ಯೆ, ಕಟ್ಟಿದಾಗಿನ ಬೆಲೆ, ಪಂದ್ಯ ಶುರುವಾಗುವ ಹೊತ್ತಿನ ಕೊನೆಯ ಬೆಲೆ, ಮೊತ್ತ, ಫಲಿತಾಂಶ. ಇವುಗಳಲ್ಲಿ ಗೆಲುವು ಸೋಲಿಗಿಂತ ಹೆಚ್ಚು ಹೇಳುವುದು ಕೊನೆಯ ಬೆಲೆ. ನೀವು −9.5ಕ್ಕೆ ಕಟ್ಟಿ ಅದು −11ಕ್ಕೆ ಮುಚ್ಚಿದರೆ, ಸೋತರೂ ಒಳ್ಳೆಯ ಬಾಜಿ. ಪದೇ ಪದೇ ನೀವು ಕಟ್ಟಿದ ಮೇಲೆ ಬೆಲೆ ನಿಮ್ಮ ವಿರುದ್ಧವೇ ಸರಿದರೆ ಲೆಕ್ಕದಲ್ಲಿ ದೋಷವಿದೆ, ಗೆಲ್ಲುತ್ತಿದ್ದರೂ ನಿಲ್ಲಿಸಿ.

ದುಡ್ಡಿಲ್ಲದೆ ಅಂದಾಜು ಮಾಡುವವರು ಬ್ರಯರ್ ಸ್ಕೋರ್ ಬಳಸಿ. ನೀವು ಹೇಳಿದ ಸಂಭವದಿಂದ ಫಲಿತಾಂಶವನ್ನು (ಗೆದ್ದರೆ 1, ಸೋತರೆ 0) ಕಳೆದು ವರ್ಗ ಮಾಡಬೇಕು. ಶೇ 75 ಹೇಳಿದ ತಂಡ ಗೆದ್ದರೆ 0.0625, ಸೋತರೆ 0.5625. ಕಡಿಮೆ ಬಂದಷ್ಟೂ ಒಳ್ಳೆಯದು. ಗೆಳೆಯರೆಲ್ಲ ಋತುವಿಡೀ ಹದಿನೈದು ಇಪ್ಪತ್ತು ಪಂದ್ಯಗಳಿಗೆ ಹೀಗೆ ಮಾಡಿ ಸರಾಸರಿ ತೆಗೆದರೆ ಯಾರ ಅಂದಾಜು ಎಷ್ಟು ಗಟ್ಟಿ ಎಂಬುದು ಗೊತ್ತಾಗುತ್ತದೆ. ಎಲ್ಲ ಪಂದ್ಯಕ್ಕೂ 50 ಎಂದವನಿಗೆ 0.25 ಬರುತ್ತದೆ, ಅದಕ್ಕಿಂತ ಮೇಲೆ ಹೋದವರು ಮುಂದಿನ ವರ್ಷವೂ ಕಾಗದದ ಮೇಲೇ ಆಡಲಿ.

ಕೊನೆಗೆ ತೆರಿಗೆ. ರಾಜ್ಯದ ಬೆಟ್ಟಿಂಗ್ ಕಾನೂನು ನೋಡುವುದು ವಯಸ್ಸು ಮತ್ತು ಜಾಗವನ್ನು, ಆದರೆ ಕೇಂದ್ರ ತೆರಿಗೆಯಲ್ಲಿ ನಿಮ್ಮ ಸ್ಥಿತಿ ಮುಖ್ಯ. ಎಫ್-1 ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆ ದೃಷ್ಟಿಯಲ್ಲಿ ಅನಿವಾಸಿಗಳು. ಅವರಿಗೆ ಬಾಜಿಯ ಗೆಲುವಿನ ಮೇಲೆ ಶೇ 30 ತೆರಿಗೆ, ಸೋಲನ್ನು ಕಳೆಯಲು ಅವಕಾಶವೇ ಇಲ್ಲ. ವರ್ಷದಲ್ಲಿ 1,000 ಗೆದ್ದು 1,000 ಸೋತವರು ಕೈಯಿಂದ 300 ಕಟ್ಟಬೇಕಾಗುತ್ತದೆ. ಈ ಒಂದು ಕಾರಣಕ್ಕೇ ವಿದ್ಯಾರ್ಥಿಗಳಿಗೆ ನಮ್ಮ ಉತ್ತರ: ಬೇಡ. ಎಚ್-1ಬಿ ಅಥವಾ ಗ್ರೀನ್ ಕಾರ್ಡ್‌ನವರು ಸಾಮಾನ್ಯವಾಗಿ ತೆರಿಗೆ ನಿವಾಸಿಗಳು. ಗೆದ್ದದ್ದೆಲ್ಲ ಆದಾಯಕ್ಕೆ ಸೇರುತ್ತದೆ. ಸೋಲನ್ನು ಕಳೆಯಬೇಕಿದ್ದರೆ ವೆಚ್ಚಗಳನ್ನು ಬಿಡಿಬಿಡಿಯಾಗಿ ತೋರಿಸುವ ವಿಧಾನ ಆರಿಸಿರಬೇಕು, ಅದೂ ಗೆದ್ದ ಮೊತ್ತದ ಮಿತಿಯೊಳಗೆ. 2026ರಿಂದ ಸೋಲಿನ ಶೇ 90 ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೇಲೆ ಹೇಳಿದ ಸ್ಪ್ರೆಡ್‌ಶೀಟ್ ಮತ್ತು ಆ್ಯಪ್‌ನ ವಾರ್ಷಿಕ ವಿವರವನ್ನು ಜನವರಿಯಲ್ಲೇ ಇಳಿಸಿಕೊಂಡು ಉಳಿದ ತೆರಿಗೆ ಕಾಗದಗಳ ಜೊತೆ ಇಡಿ.